ಕೋಲಾರದ ಚಿನ್ನ, ಮೈಸೂರಿನ ಬಜೆಟ್ಟು

ಎಣ್ಣೆ ಸಿಕ್ಕಿದ ದೇಶಕ್ಕೆ ಬಜೆಟ್ ಮಾಡೋದೇನು ಮಹಾ ಕಷ್ಟ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ನೆಲ ಕೊರೆದರೆ ದುಡ್ಡು ಚಿಮ್ಮುತ್ತೆ, ತೆರಿಗೆ ಹಾಕೋ ರಗಳೆ ಇಲ್ಲ, ಹಣಕಾಸು ಮಂತ್ರಿ ಕಾಲು ಚಾಚಿ ಕೂತರಾಯ್ತು ಅಂತ. ಕುವೈತ್, ಮಸ್ಕತ್ ಅಂತ ದುಡಿಯೋಕೆ ಹೋಗಿ ಬಂದ ನಮ್ಮ ಮಂಗಳೂರು, ಭಟ್ಕಳದ ಕಡೆಯವರ ಬಾಯಲ್ಲಿ ಅಲ್ಲಿಯ ರಸ್ತೆ, ಆಸ್ಪತ್ರೆಗಳ ವರ್ಣನೆ ಕೇಳಿದರೆ ಹಾಗನ್ನಿಸೋದು ಸಹಜವೇ.

ಆದರೆ ನೈಜೀರಿಯಾ ನೋಡಿ. ಅಲ್ಲಿ 1956ರಲ್ಲೇ ಎಣ್ಣೆ ಸಿಕ್ಕಿತು. ಬೆಲೆ ಜಾಸ್ತಿ ಇದ್ದಾಗ ಬಂದ ಹೆಚ್ಚುವರಿ ದುಡ್ಡನ್ನು ಬೇರೆ ತೆಗೆದಿಡೋಣ ಅಂತ 2004ರಲ್ಲಿ ಒಂದು ಖಾತೆ ತೆರೆದರು. ಬಜೆಟ್ ಮಾಡುವಾಗ ಪೀಪಾಯಿಗೆ ಇಷ್ಟು ಡಾಲರ್ ಅಂತ ಒಂದು ಅಂದಾಜು ಬೆಲೆ ಇಟ್ಟುಕೊಳ್ಳೋದು, ಅದಕ್ಕಿಂತ ಮೇಲೆ ಬಂದದ್ದು ಈ ಖಾತೆಗೆ. ಒಳ್ಳೆಯ ಉಪಾಯ. 2008ರ ಕೊನೆಗೆ ಸುಮಾರು 20 ಬಿಲಿಯನ್ ಡಾಲರ್ ಸೇರಿತ್ತು. 2010ರ ಮಧ್ಯಕ್ಕೆ ಬಂದರೆ ಉಳಿದದ್ದು 4 ಬಿಲಿಯನ್ನಿಗೂ ಕಡಿಮೆ. ಬೆಲೆ ಬಿತ್ತು, ಕೇಂದ್ರ ಮತ್ತು ರಾಜ್ಯಗಳು ಸೇರಿ ಹಂಚಿಕೊಂಡವು, ಮುಗೀತು. ಹಬ್ಬಕ್ಕೆ ಬೋನಸ್ ಬರುತ್ತೆ ಅಂತ ವರ್ಷಪೂರ್ತಿ ಸಾಲ ಮಾಡೋ ಮನೆ ನಿಮಗೂ ಗೊತ್ತಿರಬಹುದು. ದೇಶದ ಲೆಕ್ಕವೂ ಅದೇ ಥರ ಕೈತಪ್ಪುತ್ತೆ, ಸೊನ್ನೆಗಳು ಜಾಸ್ತಿ ಇರುತ್ತವೆ ಅಷ್ಟೇ.

ಇದನ್ನೆಲ್ಲ ಓದುತ್ತಾ ಕೂತಾಗ ನನಗೆ ಹೊಳೆದದ್ದು, ಅರೆ, ಇಂಥದ್ದೊಂದು ಸರ್ಕಾರ ನಮ್ಮಲ್ಲೂ ಇತ್ತಲ್ಲ ಅಂತ. ಎಣ್ಣೆಯಲ್ಲ, ಚಿನ್ನ. ದೇಶವಲ್ಲ, ಸಂಸ್ಥಾನ. ಬಡ ರಾಜ್ಯ, ತಲೆ ಮೇಲೆ ಸಾಲ, ಗಣಿ ಅಗೆಯೋದು ಪರದೇಶದ ಕಂಪನಿ, ರಾಜ್ಯಕ್ಕೆ ಸಿಗೋದು ರಾಜಧನ. ಇವತ್ತಿನ ಘಾನಾ, ಗಯಾನಾಗಳ ಮುಂದಿರೋ ಪ್ರಶ್ನೆಯೇ ಮೈಸೂರಿನ ದಿವಾನರ ಮುಂದೆಯೂ ಇತ್ತು. ಈ ದುಡ್ಡು ಒಂದು ದಿನ ನಿಲ್ಲುತ್ತೆ, ಅಷ್ಟರೊಳಗೆ ಇದರಿಂದ ಏನು ಮಾಡೋದು?

1881ರಿಂದ ಶುರು ಮಾಡೋಣ. ಐವತ್ತು ವರ್ಷ ಕಮಿಷನರುಗಳ ಕೈಲಿದ್ದ ಮೈಸೂರನ್ನು ಆ ವರ್ಷ ಮಾರ್ಚ್ 25ರಂದು ಇಂಗ್ಲಿಷರು ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು. ಕೊಟ್ಟಿದ್ದು ಎಂಥ ಸ್ಥಿತಿಯಲ್ಲಿ? ಅದಕ್ಕೆ ಮೊದಲು 1876-78ರ ಬರ. ಹಳಬರು ಧಾತು ಈಶ್ವರ ಸಂವತ್ಸರದ ಬರ ಅಂತಿದ್ದರಲ್ಲ, ಅದೇ. ಸಂಸ್ಥಾನದ ಐದರಲ್ಲೊಂದು ಪಾಲು ಜನ, ಅಂದರೆ ಸುಮಾರು ಹತ್ತು ಲಕ್ಷ, ಇಲ್ಲವಾದರು. ಕೂಡಿಟ್ಟ ಹಣವೆಲ್ಲ ಕರಗಿ ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ ನಿಂತಿತ್ತು. ವರ್ಷದ ಆದಾಯವೇ ಸುಮಾರು ಒಂದು ಕೋಟಿ. ಅದರಲ್ಲಿ ಇಂಗ್ಲಿಷರಿಗೆ ಕಟ್ಟಬೇಕಾದ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷ. ಅದನ್ನು 35 ಲಕ್ಷಕ್ಕೆ ಏರಿಸುತ್ತೇವೆ ಅಂತ ವಾಪಸ್ ಕೊಡುವ ಕಾಗದದಲ್ಲೇ ಬರೆದುಬಿಟ್ಟಿದ್ದರು. ರಾಜ್ಯದ ಪರಿಸ್ಥಿತಿ ನೋಡಿ ಏರಿಕೆಯನ್ನು ಮುಂದೂಡುತ್ತಾ ಬಂದು 1896ರಲ್ಲಿ ಜಾರಿ ಮಾಡಿದರು.

ಮೊದಲ ದಿವಾನರು ರಂಗಾಚಾರ್ಲು. ಪ್ರಜಾಪ್ರತಿನಿಧಿ ಸಭೆ ಅಂತ ಶುರು ಮಾಡಿ ದಸರಾ ಹೊತ್ತಿಗೆ 144 ಜನರನ್ನು ಕರೆಸಿ ರಾಜ್ಯದ ವರದಿ ಒಪ್ಪಿಸಿದರು. ಓಟು ಹಾಕೋ ಅಧಿಕಾರ ಇಲ್ಲ, ಕೇಳಿಸಿಕೊಳ್ಳೋದು ಮತ್ತು ಅಹವಾಲು ಹೇಳೋದು ಅಷ್ಟೇ. ಆದರೂ ಭಾರತದ ಬೇರೆ ಸಂಸ್ಥಾನಗಳಲ್ಲಿ ಆಗ ಇಂಥದ್ದು ಇರಲಿಲ್ಲ. 1883ರಲ್ಲಿ ಅವರು ತೀರಿಕೊಂಡ ಮೇಲೆ ಬಂದವರು ಶೇಷಾದ್ರಿ ಅಯ್ಯರ್. ಹದಿನೆಂಟು ವರ್ಷ ದಿವಾನರು. (ಕಬ್ಬನ್ ಪಾರ್ಕಿನಲ್ಲಿರೋ ಪ್ರತಿಮೆ ಇವರದೇ. ಶೇಷಾದ್ರಿಪುರವೂ.)

ಚಿನ್ನದ ಕಥೆ ಹೆಚ್ಚು ಕಡಿಮೆ ಇವರ ಕಾಲದ್ದು. 1873ರಲ್ಲಿ ಲವೆಲ್ ಅನ್ನೋ ನಿವೃತ್ತ ಸೈನಿಕ ಕೋಲಾರದಲ್ಲಿ ಗಣಿ ಅಗೆಯೋಕೆ ಅನುಮತಿ ಕೇಳಿದ್ದ. ಇವತ್ತಿನ ಲ್ಯಾವೆಲ್ ರೋಡ್ ಅವನ ಹೆಸರಿನದು. ಅವನ ಕೈಲಿ ಬಂಡವಾಳ ಇರಲಿಲ್ಲ, ಹಕ್ಕು ಬೇರೆಯವರ ಪಾಲಾಯ್ತು. ಕೊನೆಗೆ ಲಂಡನ್ನಿನ ಜಾನ್ ಟೇಲರ್ ಕಂಪನಿಯವರು ಬಂದರು. ಅವರಿಗೂ ಮೊದಮೊದಲು ಏನೂ ಸಿಗದೆ, ಬಂಡವಾಳ ತಳ ಕಂಡಾಗ ಚಾಂಪಿಯನ್ ರೀಫ್ ಅನ್ನೋ ಪದರ ಸಿಕ್ಕಿತು. ಆಮೇಲೆ ಹಿಂತಿರುಗಿ ನೋಡಿದ್ದಿಲ್ಲ.

ಈಗ ಒಂದು ಸಣ್ಣ ಲೆಕ್ಕ, ಬೇಜಾರು ಮಾಡ್ಕೋಬೇಡಿ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಕೋಲಾರದಿಂದ ವರ್ಷಕ್ಕೆ 20 ಲಕ್ಷ ಪೌಂಡಿಗೂ ಹೆಚ್ಚಿನ ಚಿನ್ನ ಹೊರಟಿತು. ರಾಜಧನ ನೂರಕ್ಕೆ 5. ಅಂದರೆ ಒಂದು ಲಕ್ಷ ಪೌಂಡು. ಪೌಂಡಿಗೆ 15 ರೂಪಾಯಿ ಅಂತ ಆಗ ದರ ನಿಗದಿಯಾಗಿತ್ತು, ಹಾಗಾಗಿ 15 ಲಕ್ಷ ರೂಪಾಯಿಯ ಮೇಲೆ. ಪೊಗದಿಯ ಸುಮಾರು ಅರ್ಧದಷ್ಟು ಚಿನ್ನದಿಂದಲೇ ಹುಟ್ಟುತ್ತಿತ್ತು ಅನ್ನಿ.

ಕೋಲಾರದ ನೆಲದಡಿಯಿಂದ ಬಂದ ದುಡ್ಡು ಒಂದು ಬಾಗಿಲಲ್ಲಿ ಒಳಗೆ ಬಂದು ಇನ್ನೊಂದು ಬಾಗಿಲಲ್ಲಿ ಇಂಗ್ಲಿಷರಿಗೆ ಹೋಗೋದು. ಉಳಿದ 95 ಪಾಲಿನಲ್ಲಿ ಕೂಲಿ, ಯಂತ್ರ, ಸೌದೆ ಖರ್ಚು ಕಳೆದು ಮಿಕ್ಕಿದ್ದು ಲಂಡನ್ನಿನ ಷೇರುದಾರರಿಗೆ. ಇದನ್ನು ಹೇಳದೆ ದಿವಾನರ ಜಾಣ್ಮೆ ಮಾತ್ರ ಹೊಗಳಿದರೆ ಕಥೆ ಅರ್ಧ ಆಗುತ್ತೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ಸಂಸ್ಥಾನದ ಒಟ್ಟು ಆದಾಯ ಆಗ ಎರಡು ಕೋಟಿಯ ಆಸುಪಾಸು. ಅದರಲ್ಲಿ ಚಿನ್ನದ ಪಾಲು ನೂರಕ್ಕೆ ಏಳೆಂಟು. ಮುಖ್ಯ ಆದಾಯ ಯಾವತ್ತೂ ಭೂಕಂದಾಯ, ಆಮೇಲೆ ಅಬ್ಕಾರಿ. ಹಾಗಾಗಿ ಮೈಸೂರು ಕುವೈತ್ ಆಗಲಿಲ್ಲ. ರೈತನ ಹತ್ತಿರ ಕಂದಾಯ ಕೇಳಲೇಬೇಕಿತ್ತು, ಕೇಳಿದ ಮೇಲೆ ದಸರಾ ಸಭೆಯಲ್ಲಿ ಅವನ ಕೆರೆ ಹೂಳು, ಕಾಲುವೆ ದುರಸ್ತಿ ಮಾತನ್ನು ಕೇಳಿಸಿಕೊಳ್ಳಲೇಬೇಕಿತ್ತು. ತೆರಿಗೆ ಬೇಡದ ಸರ್ಕಾರಕ್ಕೆ ಪ್ರಜೆಯ ಮುಲಾಜೂ ಬೇಡ ಅಂತ ಎಣ್ಣೆ ದೇಶಗಳ ಬಗ್ಗೆ ಬರೆಯೋರು ಹೇಳುತ್ತಾರಲ್ಲ, ಆ ಅಪಾಯ ಮೈಸೂರಿಗೆ ತಟ್ಟಲಿಲ್ಲ. ಏಳೆಂಟು ಪಾಲು ಅಂದರೆ ಸಣ್ಣದೂ ಅಲ್ಲ. ಸಂಬಳ, ಪೊಗದಿ, ಅರಮನೆ ಖರ್ಚು ಕಳೆದರೆ ಏನೂ ಉಳಿಯದ ಬಜೆಟ್ಟಿನಲ್ಲಿ ಹೊಸ ಕೆಲಸ ಆಗೋದು ಇಂಥ ಅಂಚಿನ ದುಡ್ಡಿನಿಂದಲೇ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಸಾಲ ತೀರಿ ಬೊಕ್ಕಸದಲ್ಲಿ ಕೋಟಿ ಮೀರಿ ಉಳಿತಾಯವಾಯಿತು.

ಎಣ್ಣೆಗೂ ಚಿನ್ನಕ್ಕೂ ಒಂದು ದೊಡ್ಡ ವ್ಯತ್ಯಾಸ ಗಮನಿಸಿ. ಎಣ್ಣೆ ಬೆಲೆ 2014ರ ಮಧ್ಯದಲ್ಲಿ ಪೀಪಾಯಿಗೆ 100 ಡಾಲರ್ ಮೇಲಿತ್ತು, 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಂತು. ಯಾವ ದೇಶ ತಡೆದುಕೊಳ್ಳುತ್ತೆ? ಶೇಷಾದ್ರಿ ಅಯ್ಯರ್ ಅವರಿಗೆ ಈ ಕಾಟ ಇರಲಿಲ್ಲ. ಪೌಂಡ್ ಚಿನ್ನಕ್ಕೆ ಕಟ್ಟುಬಿದ್ದಿದ್ದ ಕಾಲ, ಔನ್ಸಿನ ಬೆಲೆ ಕದಲುತ್ತಿರಲಿಲ್ಲ. ಎಷ್ಟು ಅಗೆದರು ಅನ್ನೋದೊಂದೇ ಲೆಕ್ಕ. ಡಚ್ ಕಾಯಿಲೆ ಅಂತಾರಲ್ಲ, 1959ರಲ್ಲಿ ಹಾಲೆಂಡಿನಲ್ಲಿ ಅನಿಲ ಸಿಕ್ಕ ಮೇಲೆ ಅವರ ನಾಣ್ಯ ಬಲವಾಗಿ ಬೇರೆ ಕಾರ್ಖಾನೆಗಳ ಮಾಲು ಹೊರಗೆ ದುಬಾರಿಯಾಗಿ ಸೊರಗಿದ್ದು, ಅದೂ ಇಲ್ಲಿ ಬರೋ ಹಾಗಿರಲಿಲ್ಲ. ಮೈಸೂರಿಗೆ ಸ್ವಂತ ನಾಣ್ಯವೇ ಇಲ್ಲ, ಚಲಾವಣೆಯಲ್ಲಿದ್ದದ್ದು ಇಂಗ್ಲಿಷರ ರೂಪಾಯಿ. ಅಧೀನದಲ್ಲಿರೋದರಿಂದ ಆದ ಒಂದೇ ಒಂದು ಲಾಭ ಅಂತ ಬೇಕಾದರೆ ಹೇಳಬಹುದು!

ಇನ್ನು ನನಗೆ ಬಹಳ ಇಷ್ಟವಾದ ಭಾಗ. ಗಣಿಗಳಿಗೆ ಶಕ್ತಿ ಬೇಕಿತ್ತು. ಆಳಕ್ಕಿಳಿದಷ್ಟೂ ನೀರೆತ್ತೋದು, ಗಾಳಿ ಊದೋದು, ಅದಿರು ಎಳೆಯೋದು, ಅರೆಯೋದು ಎಲ್ಲವೂ ಹಬೆ ಯಂತ್ರದಿಂದ. ಅದಕ್ಕೆ ಸೌದೆ, ಕಲ್ಲಿದ್ದಲು. ಕಾಡು ಬರಿದಾಗುತ್ತಿತ್ತು, ಕಲ್ಲಿದ್ದಲು ದೂರದಿಂದ ಬರಬೇಕು. ಆಗ ಶಿವನಸಮುದ್ರದಲ್ಲಿ ಕಾವೇರಿ ಧುಮುಕೋ ನೀರಿನಿಂದ ವಿದ್ಯುತ್ ಮಾಡಿ 92 ಮೈಲಿ ತಂತಿ ಎಳೆದು ಕೋಲಾರಕ್ಕೆ ಮಾರೋಣ ಅನ್ನೋ ಯೋಜನೆ ಬಂತು. ಲೋಟ್ಬಿನಿಯರ್ ಅನ್ನೋ ಎಂಜಿನಿಯರ್ ಅದರ ಹಿಂದಿದ್ದವರು. ಅಷ್ಟು ದೂರ ವಿದ್ಯುತ್ ಒಯ್ಯೋದು ಆಗ ಜಗತ್ತಿನಲ್ಲೇ ಅಪರೂಪ. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಜರ್ಲೆಂಡಿನ ಎಷರ್ ವೈಸ್ ಕಂಪನಿಯವು. ಗಾಡಿಗೆ ಕಟ್ಟಿ ಎಳೆಸಿದ್ದಾರೆ.

ಇಲ್ಲಿರೋ ಬುದ್ಧಿವಂತಿಕೆ ನೋಡಿ. ಬಡ ರಾಜ್ಯವೊಂದು ದೊಡ್ಡ ವಿದ್ಯುತ್ ಕೇಂದ್ರ ಕಟ್ಟಿದರೆ ಕೊಳ್ಳೋರು ಯಾರು? ಮೈಸೂರಿಗೆ ಕಟ್ಟೋ ಮೊದಲೇ ಗಿರಾಕಿ ಗೊತ್ತಿತ್ತು. ಗಣಿ ಕಂಪನಿಗಳು ವರ್ಷಗಟ್ಟಲೆ ಕೊಳ್ಳುತ್ತೇವೆ ಅಂತ ಒಪ್ಪಂದ ಮಾಡಿಕೊಂಡವು. ಹಾಕಿದ ಬಂಡವಾಳ ಬೇಗನೇ ವಾಪಸ್ ಬಂತು. ಚಿನ್ನದ ಮೇಲಿನ ನೂರಕ್ಕೆ 5 ಹೇಗೂ ಬರುತ್ತಿತ್ತು, ಅದರ ಜೊತೆಗೆ ಅದೇ ಕಂಪನಿಗಳ ಕೈಯಿಂದ ವಿದ್ಯುತ್ತಿನ ದುಡ್ಡನ್ನೂ ಎಣಿಸಿಕೊಂಡರು. 1902ರ ಜೂನ್ 30ಕ್ಕೆ ಕೋಲಾರಕ್ಕೆ ವಿದ್ಯುತ್ ಹರಿಯಿತು. ನೋಡೋಕೆ ಶೇಷಾದ್ರಿ ಅಯ್ಯರ್ ಇರಲಿಲ್ಲ, ಹಿಂದಿನ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಗಣಿಗೆ ಅಂತ ಶುರುವಾದ ವಿದ್ಯುತ್ತಿನಿಂದ 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು. ಗಣಿ ಇವತ್ತು ಇಲ್ಲ, ಶಿವನಸಮುದ್ರದ ವಿದ್ಯುತ್ ಕೇಂದ್ರ ಇದೆ.

ಬೀದಿ ದೀಪ ಹತ್ತಿದ ಆ 1905ರ ಹೊತ್ತಿಗೇ ಚಿನ್ನದ ಉತ್ಪಾದನೆ ತುದಿ ಮುಟ್ಟಿ ಆಮೇಲೆ ನಿಧಾನಕ್ಕೆ ಇಳಿಯೋಕೆ ಶುರುವಾಗಿದ್ದು. ಮೈಸೂರಿನ ದೊಡ್ಡ ದೊಡ್ಡ ಕೆಲಸಗಳೆಲ್ಲ ಆದದ್ದು ಈ ಇಳಿಜಾರಿನಲ್ಲಿ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿ 1909ರಲ್ಲಿ ಬಂದರು. ಕನ್ನಂಬಾಡಿ ಯೋಜನೆಯ ಒಟ್ಟು ಅಂದಾಜು 253 ಲಕ್ಷ, ಅಂದರೆ ಒಂದು ವರ್ಷದ ಪೂರಾ ಆದಾಯಕ್ಕಿಂತ ಹೆಚ್ಚು. ಹಣಕಾಸಿನವರು ಬೇಡ ಅಂದದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಶಾಲೆ ಪಾಠಗಳಲ್ಲಿ ಅವರನ್ನು ಅಡ್ಡಗಾಲು ಹಾಕಿದ ಖಳರ ಥರ ತೋರಿಸ್ತಾರೆ, ನನಗದು ಸರಿ ಕಾಣೋಲ್ಲ. ಬರದಲ್ಲಿ ಹತ್ತು ಲಕ್ಷ ಜನ ಸತ್ತು ಮೂವತ್ತೇ ವರ್ಷವಾಗಿತ್ತು, ಉಳಿತಾಯ ಖಾಲಿಯಾದರೆ ಏನಾಗುತ್ತೆ ಅನ್ನೋದು ಆ ಕಚೇರಿಯವರಿಗೆ ಚೆನ್ನಾಗಿ ಗೊತ್ತಿತ್ತು. ಅವರನ್ನು ಒಪ್ಪಿಸೋಕೆ ವಿಶ್ವೇಶ್ವರಯ್ಯನವರು ಬಳಸಿದ ವಾದಗಳಲ್ಲಿ ಮುಖ್ಯವಾದದ್ದು ಮತ್ತೆ ಕೋಲಾರವೇ. ಗಣಿಗಳು ಹೆಚ್ಚು ವಿದ್ಯುತ್ ಕೇಳುತ್ತಿವೆ, ಬೇಸಿಗೆಯಲ್ಲಿ ಶಿವನಸಮುದ್ರಕ್ಕೆ ನೀರು ಸಾಲೋದಿಲ್ಲ, ಕಟ್ಟೆ ಕಟ್ಟಿದರೆ ವರ್ಷಪೂರ್ತಿ ನೀರು ಬಿಡಬಹುದು ಅಂತ. 1911ರಲ್ಲಿ ಮಹಾರಾಜರು ಮೊದಲ ಹಂತಕ್ಕೆ ಒಪ್ಪಿಗೆ ಕೊಟ್ಟರು. ಮಂಡ್ಯದ ಗದ್ದೆಗೆ ನೀರು ಹರಿಸಿದ ಕಟ್ಟೆಯ ಮೊದಲ ಲೆಕ್ಕಾಚಾರದಲ್ಲಿ ಗಣಿಯೂ ಇತ್ತು ಅಂತ ಮಂಡ್ಯದವರಿಗೆ ಹೇಳಿದರೆ ನಗುತ್ತಾರೆ.

ಎಲ್ಲವೂ ಗೆದ್ದಿತು ಅಂತಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಯುದ್ಧ ಮುಗಿದು ಕಬ್ಬಿಣದ ಬೆಲೆ ನೆಲಕಚ್ಚಿತ್ತು. ಅಂದಾಜಿಗಿಂತ ಖರ್ಚು ಹೆಚ್ಚಾಗಿತ್ತು, ವರ್ಷಗಟ್ಟಲೆ ನಷ್ಟ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಮತ್ತೆ ಬಂದು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಿಲ್ಲಿಸಬೇಕಾಯ್ತು. ಎಣ್ಣೆ ದೇಶಗಳಲ್ಲೂ ಮರುಭೂಮಿ ಮಧ್ಯೆ ಉಕ್ಕಿನ ಕಾರ್ಖಾನೆ ಕಟ್ಟಿ ಕೈಸುಟ್ಟುಕೊಂಡವರು ಇದ್ದಾರೆ.

ಈಗ ನಮ್ಮ ಬೀದಿಗೆ ಬರ್ತೀನಿ. ನಾನಿರೋ ಹೊಸ ತಿಪ್ಪಸಂದ್ರ ಅಂದರೆ ಎಚ್ಎಎಲ್ ಮೂರನೇ ಹಂತ. ಕಾರ್ಖಾನೆ ಇಲ್ಲದಿದ್ದರೆ ಈ ಬಡಾವಣೆಯೂ ಇಲ್ಲ, ಮೇನ್ ರೋಡಿನ ಸಂಜೆ ಜನಜಂಗುಳಿಯೂ ಇಲ್ಲ. ಎಚ್ಎಎಲ್ ಶುರುವಾದದ್ದು 1940ರ ಡಿಸೆಂಬರಿನಲ್ಲಿ, ಆಗ ಹೆಸರು ಹಿಂದೂಸ್ತಾನ್ ಏರ್‌ಕ್ರಾಫ್ಟ್. ವಾಲಚಂದ್ ಹೀರಾಚಂದ್ ಅವರಿಗೆ ವಿಮಾನ ಕಾರ್ಖಾನೆ ಮಾಡೋ ಹಂಬಲ, ಭಾರತ ಸರ್ಕಾರ ಮೀನಮೇಷ ಎಣಿಸುತ್ತಿತ್ತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಜಮೀನು ಕೊಡ್ತೀವಿ, ವಿದ್ಯುತ್ ಕೊಡ್ತೀವಿ ಅಂದದ್ದಲ್ಲದೆ 25 ಲಕ್ಷ ರೂಪಾಯಿಯ ಷೇರನ್ನೂ ಕೊಂಡಿತು. ಭಾರತ ಸರ್ಕಾರ ಮೂರರಲ್ಲೊಂದು ಪಾಲು ಕೊಂಡದ್ದು ಮುಂದಿನ ವರ್ಷ. ಬೊಕ್ಕಸದಲ್ಲಿರೋ ರೂಪಾಯಿ ಮೇಲೆ ಇದು ಚಿನ್ನದ್ದು, ಇದು ಕಂದಾಯದ್ದು ಅಂತ ಬರೆದಿರೋದಿಲ್ಲ, ಒಪ್ಪಿದೆ. ಆದರೆ 1931ರಲ್ಲಿ ಇಂಗ್ಲೆಂಡು ಪೌಂಡನ್ನು ಚಿನ್ನದಿಂದ ಬಿಡಿಸಿದ ಮೇಲೆ ಚಿನ್ನದ ಬೆಲೆ ಏರುತ್ತಾ ಹೋಯ್ತು. ರೈತನ ಫಸಲಿಗೆ ಬೆಲೆ ಇಲ್ಲದೆ ಕಂದಾಯ ಸೊರಗಿದ ಆ ಹತ್ತು ವರ್ಷ, ಬೆಲೆಯ ಮೇಲೆ ಶೇಕಡಾವಾರು ರಾಜಧನ ಅಂತ ಬರೆದುಕೊಂಡಿದ್ದು ಕೈಹಿಡಿಯಿತು.

ಶೇಕಡಾವಾರು ಅನ್ನೋ ಈ ಒಂದು ಪದಕ್ಕೆ ಎಷ್ಟು ಬೆಲೆ ಅಂತ ತಿಳಿಯಬೇಕಾದರೆ ಬಳ್ಳಾರಿ ನೋಡಬೇಕು. ಚೀನಾದವರು ಕಬ್ಬಿಣದ ಅದಿರಿಗೆ ಮುಗಿಬಿದ್ದ ವರ್ಷಗಳಲ್ಲಿ ಅದಿರಿನ ಬೆಲೆ ಟನ್ನಿಗೆ ಸಾವಿರಗಳಲ್ಲಿತ್ತು. ರಾಜ್ಯಕ್ಕೆ ಬರುತ್ತಿದ್ದ ರಾಜಧನ ಟನ್ನಿಗೆ ಇಷ್ಟು ರೂಪಾಯಿ ಅಂತ, ಎಷ್ಟೇ ಒಳ್ಳೆಯ ಅದಿರಾದರೂ 27 ರೂಪಾಯಿ. ದರ ಗೊತ್ತುಮಾಡೋದು ಕೇಂದ್ರ. ಬೆಲೆಯ ಮೇಲೆ ನೂರಕ್ಕೆ 10 ಅಂತ ಬದಲಾದದ್ದು 2009ರ ಆಗಸ್ಟಿನಲ್ಲಿ, ಲಾರಿಗಳು ಬಂದರಿಗೆ ಸಾಲುಗಟ್ಟಿ ಹೋಗಿ ವರ್ಷಗಳಾದ ಮೇಲೆ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ 2011ರಲ್ಲಿ ಬಂತು, ಮುಂದಿನದು ನಿಮಗೆ ಗೊತ್ತು. ಎತ್ತಿನಗಾಡಿ ಕಾಲದ, ಇಂಗ್ಲಿಷರ ಕೈಕೆಳಗಿನ ಒಂದು ಸಂಸ್ಥಾನ ಗಣಿ ಕಂಪನಿಯ ಹತ್ತಿರ ಇದಕ್ಕಿಂತ ಚೆನ್ನಾಗಿ ಚೌಕಾಸಿ ಮಾಡಿತ್ತಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತೆ.

ಆದರೂ ಮೈಸೂರಿನ ಈ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ, ಅದು ಕೆಜಿಎಫ್. (ಸಿನಿಮಾ ಅಲ್ಲ ಮಾರಾಯ್ರೇ, ಊರು.) ಕೋಲಾರದ ಚಿನ್ನದಿಂದ ಶಿವನಸಮುದ್ರ, ಬೆಂಗಳೂರು, ಮಂಡ್ಯ ಎಲ್ಲ ಕಡೆಗೂ ಏನೋ ಒಂದು ಹರಿಯಿತು. ಕೋಲಾರದಲ್ಲಿ ಮಾತ್ರ ಚಿನ್ನ ಮುಗಿದ ಮೇಲೆ ಏನು ಅನ್ನೋ ಪ್ರಶ್ನೆಯನ್ನು ಯಾವ ದಿವಾನರೂ ಬಜೆಟ್ಟಿಗೆ ತರಲಿಲ್ಲ. 1901ರ ಜನಗಣತಿಯಲ್ಲೇ 38 ಸಾವಿರ ಜನರ ಊರು. 1894ಕ್ಕೆ ಬೌರಿಂಗ್‌ಪೇಟೆಯಿಂದ ರೈಲು ಬಂತು, ಬೇತಮಂಗಲದಿಂದ ನೀರು ಬಂತು, ಎಲ್ಲವೂ ಗಣಿ ನಡೆಯೋದಕ್ಕೆ ಬೇಕಾದವು. ಕೂಲಿಗೆ ಬಂದವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಕಡೆಯ ಬಡವರು, ಬಹುಪಾಲು ದಲಿತರು. ನೆಲದಡಿ ಬಂಡೆ ಸಿಡಿದು ಸತ್ತರು, ಕಲ್ಲಿನ ಧೂಳು ಕುಡಿದು ಎದೆ ಕೆಟ್ಟು ಸತ್ತರು. 1930ರಲ್ಲಿ ಬೆರಳಚ್ಚು ತೆಗೆದುಕೊಂಡು ನೋಂದಣಿ ಮಾಡ್ತೀವಿ ಅಂದಾಗ ನಾವೇನು ಕಳ್ಳರಾ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಜಾನಕಿ ನಾಯರ್ ಅವರು ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಬರೆದ ಪುಸ್ತಕ ಸಿಕ್ಕರೆ ಓದಿ. ರಾಜ್ಯದ ಬಜೆಟ್ಟಿನಲ್ಲಿ ಇವರೆಲ್ಲ ಬರೀ ಉತ್ಪಾದನೆಯ ಅಂಕಿ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋದವು. ಅಷ್ಟು ಹೊತ್ತಿಗೆ ಗಣಿ ಮೂರು ಕಿಲೋಮೀಟರ್ ಆಳ ದಾಟಿತ್ತು. ಒಂದು ಕಾಲದಲ್ಲಿ ಟನ್ ಅದಿರಿಗೆ 40 ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಮೂರ್ನಾಲ್ಕು ಗ್ರಾಂ. ಕೇಂದ್ರ 1964ರಲ್ಲಿ ಬೆಮೆಲ್ ಶುರುಮಾಡಿ ಅದರ ಒಂದು ಕಾರ್ಖಾನೆಯನ್ನು ಕೆಜಿಎಫ್‌ನಲ್ಲಿ ಹಾಕಿತು. ಆ ಊರಿನ ಭವಿಷ್ಯದ ಬಗ್ಗೆ ಯಾರಾದರೂ ಯೋಚಿಸಿದ ಕುರುಹು ಅದೊಂದೇ ಅಂತ ನನಗನ್ನಿಸುತ್ತೆ. ಅದೇ ಬೆಮೆಲ್‌ನ ಇನ್ನೊಂದು ಕಾರ್ಖಾನೆ ನಮ್ಮ ಹೊಸ ತಿಪ್ಪಸಂದ್ರದಲ್ಲಿದೆ, ಎಚ್ಎಎಲ್‌ನವರ ರೈಲು ಬೋಗಿ ವಿಭಾಗ ಇದ್ದದ್ದು. ನಮ್ಮ ಮೆಟ್ರೋದ ಬಹಳಷ್ಟು ಬೋಗಿಗಳು ಬಂದದ್ದು ಇಲ್ಲಿಂದಲೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ತೆಗೆದ ಚಿನ್ನ ಸುಮಾರು 800 ಟನ್.

ನಾರ್ವೆಯಲ್ಲಿ 1969ರಲ್ಲಿ ಎಣ್ಣೆ ಸಿಕ್ಕಿ, 1990ರಲ್ಲಿ ನಿಧಿಗೆ ಕಾನೂನಾಗಿ, 1996ರಲ್ಲಿ ಮೊದಲ ಕಂತು ಬಿತ್ತು. ಮೈಸೂರಿನವರು ನಿಧಿ ಮಾಡದೆ ವಿದ್ಯುತ್ತು, ಕಟ್ಟೆ, ಕಾರ್ಖಾನೆ ಮಾಡಿದರು. ಬಡ ರಾಜ್ಯಕ್ಕೆ ಅದೇ ಸರಿ ಅಂತ ನನ್ನ ಅಭಿಪ್ರಾಯ, ಕತ್ತಲಲ್ಲಿ ಕೂತು ಬ್ಯಾಂಕಿನಲ್ಲಿ ದುಡ್ಡಿಟ್ಟರೆ ಏನು ಬಂತು? ಆದರೆ ಕಟ್ಟಿದ್ದು ಎಲ್ಲಿ, ಯಾರ ಮನೆ ಹತ್ತಿರ ಅನ್ನೋದು ಬಜೆಟ್ ಅಂಕಿಗಳಲ್ಲಿ ಕಾಣೋದಿಲ್ಲ. ನಮ್ಮ ರಸ್ತೆ ಕೊನೆಯಲ್ಲಿ ಬೈಕ್ ರಿಪೇರಿ ಅಂಗಡಿಯವರೊಬ್ಬರಿದ್ದಾರೆ, ಆಂಡರ್ಸನ್‌ಪೇಟೆಯವರು, ತಂದೆ ಗಣಿಯಲ್ಲಿದ್ದವರು. ದಿನಾ ರೈಲಲ್ಲಿ ಬಂದು ಹೋಗ್ತಾರೆ, ಬೈಯಪ್ಪನಹಳ್ಳಿಯಲ್ಲಿ ಇಳಿದು ಇಲ್ಲಿಗೆ. "ಮಧ್ಯದಲ್ಲಿ ಹತ್ತಿದ್ರೆ ನಿಂತ್ಕೊಂಡೇ ಬರಬೇಕು ಸಾರ್, ಅದಕ್ಕೆ ಮಾರಿಕುಪ್ಪಂಗೇ ಹೋಗಿ ಹತ್ತೋದು" ಅಂದರು. ಮನೆ ಬಿಟ್ಟು ಇಲ್ಲೇ ಬಾಡಿಗೆಗೆ ಬರಬಾರದಾ ಅಂದೆ. ತಿಪ್ಪಸಂದ್ರದ ಅಡ್ವಾನ್ಸು ಎಷ್ಟು ಅಂತ ನನ್ನನ್ನೇ ಕೇಳಿದರು. ಅವರಂಥ ಸಾವಿರಾರು ಜನ ಬೆಳಗಿನ ಆ ರೈಲುಗಳಲ್ಲಿ ಬರ್ತಾರೆ.

ಅರೆದು ಚಿನ್ನ ತೆಗೆದ ಮೇಲೆ ಸುರಿದ ಮಣ್ಣು ಸಯನೈಡ್ ದಿಬ್ಬಗಳಾಗಿ ಆ ಊರಿನ ಸುತ್ತ ಬಿದ್ದಿದೆ, ಮೂರು ಕೋಟಿ ಟನ್ನಿನ ಮೇಲೆ. ಗಾಳಿ ಬಿಟ್ಟಾಗ ಮನೆಯೊಳಗೆಲ್ಲ ಬೂದಿ ಬಣ್ಣದ ಧೂಳು. ಅದರಲ್ಲೂ ಸ್ವಲ್ಪ ಚಿನ್ನ ಉಳಿದಿದೆಯಂತೆ. ಅದನ್ನು ಮತ್ತೆ ಅರೆಸಿ ತೆಗೆಸೋದಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. 2015ರಿಂದ ಗಣಿ ಜಿಲ್ಲೆಗಳಿಗೆ ಖನಿಜ ಪ್ರತಿಷ್ಠಾನ ಅಂತ ಇದೆ, ರಾಜಧನದ ಜೊತೆಗೆ ಗಣಿಯವರು ಅದಕ್ಕೂ ಒಂದು ಪಾಲು ಕಟ್ಟಬೇಕು, ಆ ದುಡ್ಡು ಆ ಜಿಲ್ಲೆಯಲ್ಲೇ ಖರ್ಚಾಗಬೇಕು ಅಂತ ಕಾನೂನು. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಇಂಥದ್ದು ಇರಲಿಲ್ಲ. ದಿಬ್ಬದ ಚಿನ್ನಕ್ಕೆ ಟೆಂಡರ್ ಕರೆದಾಗ ರಾಬರ್ಟ್‌ಸನ್‌ಪೇಟೆ, ಮಾರಿಕುಪ್ಪಂಗಳ ಪಾಲಿಗೆ ಎಷ್ಟು ಬರೆದಿದ್ದಾರೆ ಅಂತ ನೋಡಬೇಕು.